ಆಚೆ ದಡದ ಮಚ್ಚೆ

ವೀಸಾ ಕಚೇರಿಯ ಕೌಂಟರಿನ ಹುಡುಗಿ ಫೋಟೋವನ್ನು ಬೆಳಕಿಗೆ ಹಿಡಿದಳು, ಪಾಸ್‌ಪೋರ್ಟ್ ನೋಡಿದಳು, ಗಾಜಿನ ಈಚೆ ಕೂತಿದ್ದ ಅವನ ಹೆಂಡತಿಯ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಈ ಓಡಾಟವನ್ನು ಅವನು ಮೊದಲು ಮೆಚ್ಚುಗೆಯೆಂದೇ ತಿಳಿದ. ತಿಳಿಯದೆ ಏನು ಮಾಡಿಯಾನು? ಫೋಟೋ ತೆಗೆದವನು ಅವನೇ. ಊರಿನ ಅರ್ಧ ಜನ ಅವನ ಸ್ಟುಡಿಯೋದ ಗುಂಡು ಸ್ಟೂಲಿನ ಮೇಲೆ ಕೂತು, ಅವನು ಹೇಳಿದಂತೆ ಗದ್ದ ಇಳಿಸಿ, ಕಿವಿ ಕಾಣಿಸಿ, ನಗುವನ್ನು ಗಂಟಲಲ್ಲೇ ನುಂಗಿಕೊಂಡು ದೇಶಾಂತರ ಹೋಗಿದ್ದರು. ಬೀದಿಯ ಮಕ್ಕಳಿಗೆ ಅವನ ನಿಜವಾದ ಹೆಸರು ಗೊತ್ತಿಲ್ಲ. 'ಗದ್ದ ಇಳ್ಸಿ ಮಾಮ' ಅಂದರೆ ಸಾಕು, ಅಂಗಡಿ ತೋರಿಸುತ್ತವೆ. 'ನಮ್ಮಲ್ಲಿ ತೆಗೆದ ವೀಸಾ ಫೋಟೋ ಈವರೆಗೆ ಒಂದೂ ವಾಪಸ್ ಬಂದಿಲ್ಲ' ಎಂದು ಗೋಡೆಗೆ ಬೋರ್ಡು ಬೇರೆ ಬರೆಸಿ ಹಾಕಿದ್ದ. ಹೀಗಾಗಿ ಹುಡುಗಿ ಬಾಯಿ ತೆರೆಯುವಾಗ, 'ಯಾವ ಸ್ಟುಡಿಯೋ ಸಾರ್ ಇದು?' ಎಂದು ಕೇಳುತ್ತಾಳೆಂದುಕೊಂಡು ಜೇಬಿನ ಕಾರ್ಡಿಗೆ ಕೈ ಹಾಕಿದ.

"ಮೇಡಂ, ಮಚ್ಚೆ ಎಲ್ಲಿ?" ಅಂದಳು ಹುಡುಗಿ.

ಅವನ ಹೆಂಡತಿ ಗದ್ದ ಮುಟ್ಟಿಕೊಂಡಳು. "ಇಲ್ಲೇ ಇದೆಯಲ್ಲಮ್ಮ."

"ಮುಖದಲ್ಲಿದೆ. ಪಾಸ್‌ಪೋರ್ಟಲ್ಲೂ ಇದೆ. ಗುರುತಿನ ಚಿಹ್ನೆ ಅಂತ ನೀವೇ ಬರ್ದಿದ್ದೀರಿ, ಗದ್ದದ ಮೇಲೆ ಕಪ್ಪು ಮಚ್ಚೆ ಅಂತ. ಫೋಟೋದಲ್ಲಿ ಮಾತ್ರ ಇಲ್ಲ." ಹುಡುಗಿ ಫೋಟೋದ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆದಳು, ಧೂಳಿನಡಿ ಸಿಕ್ಕಿಕೊಂಡಿದೆಯೇನೋ ಎಂಬಂತೆ. "ಯಾರೋ ಒರೆಸಿಬಿಟ್ಟಿದ್ದಾರೆ. ಇದು ನಡೆಯಲ್ಲ ಮೇಡಂ."

ಯಾರೋ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ವಂಶದವನೇ ಇರಬೇಕು ಇವನು. ಯಾರೂ ಕೇಳದಿದ್ದರೂ ಕಾರ್ಡು ಹಿಡಿದ ಬಲಗೈಯನ್ನು ಜೇಬಿನೊಳಗೇ ಬಿಟ್ಟುಕೊಂಡ. ಒರೆಸಿದ್ದು ಅವನೇ. ಆದರೆ ಒರೆಸಿದ ನೆನಪೇ ಇಲ್ಲವಲ್ಲ ದೇವರೇ! ಮೊನ್ನೆ ಅಂಗಡಿ ಬಾಗಿಲು ಎಳೆಯುವ ಮುಂಚೆ ಅವಳನ್ನು ಕೂರಿಸಿ ತೆಗೆದಿದ್ದ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ್ದ, ಅದೇ ಹೊತ್ತಿಗೆ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಫ್ರೇಮು ಕೊಡುವವನ ಜೊತೆ ಜಗಳ ಹಚ್ಚಿದ್ದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಕಣ್ಣಡಿಯ ಕಪ್ಪು ತೆಗೆ, ಮೊಡವೆ ತೆಗೆ, ಕಲೆ ತೆಗೆ. ಅವನ ಕಸುಬಿನಲ್ಲಿ ಇದಕ್ಕೆ ಟಚಿಂಗ್ ಎನ್ನುತ್ತಾರೆ. ವೀಸಾ ಫೋಟೋಗೆ ಟಚಿಂಗ್ ಕೂಡದು ಎಂಬ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಪರರ ಮುಖವಾದರೆ ಕೈಗೆ ಗದರಿ ಸುಮ್ಮನಿರಿಸುತ್ತಿದ್ದ, ಅವರ ಕೆನ್ನೆಯ ಗಾಯದ ಗುರುತನ್ನು ಕಣ್ಣು ಕಿರಿದು ಮಾಡಿ ನೋಡಿ, ಇದು ಇರಲಿ, ಇದು ಬೇಕು ಎಂದು ಬಿಡುತ್ತಿದ್ದ. ಮನೆಯವಳ ಮುಖಕ್ಕೆ ಅಷ್ಟೆಲ್ಲ ನೋಡುವವರು ಯಾರು? ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ. ಇವನು ಹೆಂಡತಿಯ ಮಚ್ಚೆಯನ್ನು ಬಿಡಲಿಲ್ಲ.

ಹೆಂಡತಿ ಅವನ ಕಡೆ ತಿರುಗಲಿಲ್ಲ. ತಿರುಗಿ ಎರಡು ಮಾತು ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಅವಳು ಶಾಲೆಯಲ್ಲಿ ಭೂಗೋಳ ಹೇಳುವವಳು. ತಪ್ಪು ಉತ್ತರ ಬಂದಾಗ ಮಕ್ಕಳನ್ನು ಗದರುವುದಿಲ್ಲ, ಸುಮ್ಮನೆ ಕಾಯುತ್ತಾಳೆ ಎಂದು ಅವಳ ಹಳೆ ವಿದ್ಯಾರ್ಥಿಗಳು ಈಗಲೂ ನಡುಗುತ್ತ ಹೇಳುತ್ತಾರೆ. ಗಾಜಿನ ಕಿಂಡಿಯೊಳಗೆ ಕೈ ತೂರಿಸಿ, ಅವನ ಅರ್ಜಿಗೆ ಅಂಟಿಸಿದ್ದ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವನ ಮೂಗಿನ ಪಕ್ಕದ ನರಹುಲಿ ಅಲ್ಲಿ ಅರಸನ ಹಾಗೆ ಕೂತಿತ್ತು.

"ಇದಕ್ಕೇನೂ ಆಗಿಲ್ಲ ನೋಡಮ್ಮ," ಅಂದಳು ಹುಡುಗಿಗೆ. "ಸೌಖ್ಯವಾಗಿದೆ."

ಹುಡುಗಿಗೆ ನಗು ಬಂತು. ನೌಕರಿ ನೆನಪಾಗಿ ಕೆಮ್ಮಿದಳು. ಮೂಲೆಯಲ್ಲಿ ಫೋಟೋ ಮೆಷಿನ್ ಇದೆ, ಹೊಸದು ತೆಗೆಸಿಕೊಂಡು ಬನ್ನಿ, ಒಟ್ಟಿಗೆ ಹಾಕಿದ್ದರಿಂದ ಇಬ್ಬರ ಅರ್ಜಿಯೂ ಇನ್ನೊಂದು ಸಲ ತುಂಬಬೇಕಾಗುತ್ತೆ, ಇವತ್ತೇ ಆಗಬೇಕು ಅಂದರೆ ಬೇಗ ಮಾಡಿ ಅಂದಳು. ಮೆಷಿನ್! ತನ್ನ ಬೀದಿಯ ಕೊನೆಯಲ್ಲಿ ಇಂಥದೊಂದು ಪೆಟ್ಟಿಗೆ ಬಂದು ಕೂತಾಗ, 'ಅದು ಮುಖ ಹಿಡಿಯುತ್ತೆ, ಕಳೆ ಹಿಡಿಯುತ್ತಾ?' ಎಂದು ಊರೆಲ್ಲ ಸಾರಿಕೊಂಡು ಬಂದವನು ಅವನು. ಈಗ ತನ್ನ ಹೆಂಡತಿಯ ಕೈಚೀಲವನ್ನು ತಾನೇ ಹಿಡಿದುಕೊಂಡು, ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂತ ಅಷ್ಟೂ ಜನರ ಮೊಣಕಾಲುಗಳನ್ನು ದಾಟಿಕೊಂಡು, ಅದೇ ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲಬೇಕಾಯಿತು. ಅವಳು ಪರದೆ ಸರಿಸಿ ಒಳಗೆ ಹೋದಳು. ಪರದೆ ಮೊಣಕಾಲಿನವರೆಗಷ್ಟೇ ಇತ್ತು. ಅವಳ ಚಪ್ಪಲಿ ಕಾಣುತ್ತಿತ್ತು, ಒಂದರ ಪಟ್ಟಿ ಬಿಟ್ಟುಕೊಂಡು ದಾರದಿಂದ ಹೊಲಿದದ್ದು. ಯಾವಾಗ ಹೊಲಿಸಿದಳೋ. ಅವನಿಗೆ ಅದೂ ಗೊತ್ತಿರಲಿಲ್ಲ.

"ದಯವಿಟ್ಟು ಗದ್ದವನ್ನು ಸ್ವಲ್ಪ ಕೆಳಗಿಳಿಸಿ," ಅಂದಿತು ಮೆಷಿನ್, ಜೇನು ಸವರಿದ ಹೆಂಗಸಿನ ದನಿಯಲ್ಲಿ.

ಅವನು ಕಣ್ಣು ಮುಚ್ಚಿಕೊಂಡ. ಅನ್ನದ ತಟ್ಟೆಯಿಂದ ತುತ್ತು ಕಿತ್ತುಕೊಂಡರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಇದೆಲ್ಲಕ್ಕೂ ಮೂಲ ಒಂದು ಜಲಪಾತ. ಅವಳು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಒಂದು ನದಿ ಎಳೆಯುತ್ತಾಳೆ, ನೀಲಿ ಸೀಮೆಸುಣ್ಣದಲ್ಲಿ ಅದನ್ನು ಬೀಳಿಸುತ್ತಾಳೆ, ನಡುವೆ ಚುಕ್ಕೆ ಚುಕ್ಕೆಯ ಗೆರೆ ಹಾಕಿ, 'ಮಕ್ಕಳೇ, ಈ ದಡ ಒಂದು ದೇಶ, ಆ ದಡ ಇನ್ನೊಂದು ದೇಶ' ಎನ್ನುತ್ತಾಳೆ. ಮಕ್ಕಳು ಕೇಳುತ್ತವೆ, 'ನೀವು ನೋಡಿದ್ದೀರಾ ಟೀಚರ್?' ಇಷ್ಟು ವರ್ಷ 'ಪುಸ್ತಕದಲ್ಲಿ' ಎಂದು ಹೇಳಿ ಅವಳಿಗೆ ಸಾಕಾಗಿತ್ತು. ಬರುವ ರಜೆ ಮುಗಿದರೆ ಅವಳ ಕೊನೆಯ ವರ್ಷ. ಕೊನೆಯ ತಂಡಕ್ಕಾದರೂ 'ಹೂಂ, ಕಣ್ಣಾರೆ' ಎನ್ನಬೇಕು. ಅದೊಂದೇ ಅವಳ ಹಟ. ಇವನು ಊಟಕ್ಕೆ ಕೂತಾಗ ಕೆಣಕಿದ್ದ: "ನೀರು ಆ ಕಡೆಯಿಂದ ನೋಡಿದ್ರೂ ಕೆಳಗೇ ಬೀಳೋದು ಟೀಚರಮ್ಮ. ಒಂದು ದಡ ಸಾಲ್ದಾ? ಈ ಮಲ್ಟಿಪಲ್ ಎಂಟ್ರಿ ಯಾಕೆ, ನಾವೇನು ಅಲ್ಲಿ ಹಾಲು ಹಾಕೋಕೆ ಹೋಗ್ತೀವಾ ದಿನಾ?" ಆಚೆ ದೇಶದ ವೀಸಾ ಸೇತುವೆಯ ತುದಿಯಲ್ಲೇ ಕೊಡುತ್ತಾರೆ, ಆದರೆ ಸೇತುವೆ ದಾಟಿದರೆ ಒಂದು ದೇಶ ಬಿಟ್ಟ ಹಾಗೆ, ವಾಪಸ್ ಬಂದರೆ ಮತ್ತೆ ಹೊಸದಾಗಿ ಒಳಗೆ ಬಂದ ಹಾಗೆ, ಅದಕ್ಕೇ ಅದು ಬೇಕು ಎಂದು ಅವಳು ಸಾರಿನ ಸೌಟಿನಿಂದಲೇ ಗಾಳಿಯಲ್ಲಿ ಭೂಪಟ ಬರೆದು ತೋರಿಸಿದಳು. ಆಮೇಲೆ ಸೌಟು ಇಳಿಸಿ ಅಂದಳು: "ಈ ದಡದಲ್ಲಿ ನಿಂತ್ರೆ ನೀರು ಕಾಣುತ್ತೆ ಅಷ್ಟೇ. ಜಲಪಾತ ಕಾಣ್ಬೇಕು ಅಂದ್ರೆ ಆಚೆ ದಡಕ್ಕೇ ಹೋಗ್ಬೇಕು." ಅವನು ಆಗ ಉಪ್ಪಿನಕಾಯಿ ಕೇಳಿದ್ದ.

ಪೆಟ್ಟಿಗೆಯ ಹೊಟ್ಟೆ ಗುರ್ ಎಂದು ಒಂದು ಪಟ್ಟಿ ಉಗುಳಿತು. ಒಂದೇ ಮುಖ ಸಾಲಾಗಿ ಹಲವು ಸಲ. ಅವನು ವೃತ್ತಿಯವನ ಸಿಟ್ಟಿನಲ್ಲೇ ಬಗ್ಗಿ ನೋಡಿದ: ಬೆಳಕು ಚಪ್ಪಟೆ, ಹಣೆ ಹೊಳೆಯುತ್ತಿದೆ, ಕತ್ತಿನ ನೆರಳು ಹಾಳು. ಕಳೆ ಎಲ್ಲಿ, ಕಳೆ? ಎಂದುಕೊಳ್ಳುವಷ್ಟರಲ್ಲಿ ಆ ಮುಖ ಅವನನ್ನು ನೋಡಿತು. ಕಣ್ಣಡಿ ಸಣ್ಣ ಚೀಲಗಳು. ಹುಬ್ಬಿನ ನಡುವೆ ಒಂದು ಗೆರೆ. ತುಟಿಯ ಕೆಳಗೆ, ಸ್ವಲ್ಪ ಬದಿಗೆ, ಆ ಮಚ್ಚೆ. ಈ ಹೆಂಗಸಿನ ಜೊತೆ ಅವನು ಬೆಳಗ್ಗೆ ಕಾಫಿ ಕುಡಿದಿದ್ದ, ಒಂದೇ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಬಂದಿದ್ದ. ಆದರೂ ಪರಿಚಯದ ಯಾರನ್ನೋ ಬಹಳ ದಿನದ ಮೇಲೆ ದಾರಿಯಲ್ಲಿ ಕಂಡಂತಾಗಿ, ಚೆನ್ನಾಗಿದ್ದೀರಾ ಎಂದು ಕೇಳಬೇಕೆನಿಸಿತು.

ಪರದೆ ಸರಿಯಿತು. ಅವಳು ಹೊರಗೆ ಬಂದವಳೇ ಅಂಗೈಯಿಂದ ಗದ್ದ ಪೂರ್ತಿ ಮುಚ್ಚಿಕೊಂಡಳು.

"ಯಾವ ಕಡೆ ಇದೆ, ಹೇಳಿ ನೋಡೋಣ."

"ಏನು?"

"ಮಚ್ಚೆ ರೀ. ಈಗ ತಾನೇ ನೋಡಿದ್ರಲ್ಲ."

ಪಟ್ಟಿ ಅಷ್ಟರಲ್ಲಿ ಅವಳ ಕೈಗೆ ಹೋಗಿ ಮಡಚಿಕೊಂಡಿತ್ತು. ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜ ಪತ್ರಿಕೆ ಇಳಿಸಿ ಉತ್ತರಕ್ಕಾಗಿ ಕಾದ. ಅವನು ಪಟ್ಟಿಗಾಗಿ ಅವಳ ಕೈಯ ಕಡೆ ನೋಡಿದ. ಅವಳ ನೂರಾರು ಫೋಟೋಗಳಲ್ಲಿ ಅದನ್ನು ಒರೆಸಿರಬೇಕು, ಯಾವ ಕಡೆಯೆಂದು ಆಣೆಗೂ ನೆನಪಿಲ್ಲ.

"ಬಲಗಡೆ," ಅಂದ, ಧೈರ್ಯ ಮಾಡಿ.

ಅವಳು ಕೈ ತೆಗೆದಳು. ಎಡಗಡೆ.

"ನಾನು ನಿಂತ ಕಡೆಯಿಂದ ಬಲಗಡೆ," ಅಂದ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ. "ನನಗೆ ಬಲ, ನಿನಗೆ ಎಡ."

"ಹೌದು," ಅಂದಳು ಅವಳು. "ಯಾವಾಗಲೂ ನೀವು ನಿಂತ ಕಡೆಯಿಂದಲೇ."

ಕೈಚೀಲ ಈಸಿಕೊಂಡು ಅಲ್ಲೇ ಖಾಲಿ ಕುರ್ಚಿಯಲ್ಲಿ ಕೂತಳು. ಪಕ್ಕದ್ದು ಕೂಡ ಖಾಲಿಯಿತ್ತು. ಕೂರಬೇಕೋ ಬೇಡವೋ ತಿಳಿಯದೆ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ. ಕೇಳಬೇಕಾದ್ದು ಒಂದೇ ಪ್ರಶ್ನೆ. ಕೊನೆಗೆ ಕೇಳಿಯೇ ಬಿಟ್ಟ: "ನಾನು ಮಚ್ಚೆ ಒರೆಸೋದು ಮೊದ್ಲಿಂದ ಗೊತ್ತಿತ್ತಾ ನಿನಗೆ?"

"ಮದುವೆಯಾದ ಹೊಸತರಲ್ಲಿ ಒಂದು ಫೋಟೋ ತೆಗೆದ್ರಲ್ಲ, ಕಿಟಕಿ ಪಕ್ಕ ನಿಲ್ಲಿಸಿ. ಅದನ್ನ ಕೈಗೆ ಕೊಟ್ಟಾಗ ನಾನು ಕನ್ನಡಿ ಹತ್ರ ಓಡಿದ್ದೆ. ಎಲ್ಲಾದ್ರೂ ಉದುರಿಹೋಯ್ತೇನೋ ಅಂತ." ಅವಳು ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು. "ಅಮ್ಮನಿಗೆ ಒಂದು ಪ್ರತಿ ಕಳಿಸಿದ್ದೆ. ಫೋಟೋ ಚೆನ್ನಾಗಿದೆ, ಹುಡುಗಿ ಯಾರು ಅಂತ ಕೇಳಿದ್ಲು."

"ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನನ್ನ ಮಚ್ಚೆ ವಾಪಸ್ ಕೊಡಿ ಅಂತಲಾ?" ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಿಮಗೆ ಇಷ್ಟ ಇಲ್ಲವೇನೋ ಅಂದ್ಕೊಂಡೆ ಮೊದ್ಲು. ಅದು ನೋವಾಯ್ತು. ಆಮೇಲೆ ಗೊತ್ತಾಯ್ತು, ಇಷ್ಟಾನೂ ಇಲ್ಲ ಕಷ್ಟಾನೂ ಇಲ್ಲ, ನೋಡೇ ಇಲ್ಲ ಅಂತ. ಸರಿ, ಒಂದಲ್ಲ ಒಂದು ದಿನ ನೋಡ್ತೀರಿ ಅಂತ ಸುಮ್ಮನಾದೆ."

ಅವನಿಗೆ ಸ್ಟುಡಿಯೋದ ಗಾಜಿನ ಬೀರು ನೆನಪಾಯಿತು. ಕಿಟಕಿಯ ಪಕ್ಕದ ಆ ಚಿತ್ರವನ್ನೇ ಆಳೆತ್ತರ ಮಾಡಿ, ಬಣ್ಣ ಮಾಸಿದಾಗೆಲ್ಲ ಹೊಸದಾಗಿ ಅಚ್ಚು ಹಾಕಿಸಿ, ಗಿರಾಕಿಗಳಿಗೆ ತೋರಿಸುತ್ತ ಬಂದಿದ್ದ: ನೋಡಿ, ಒಂದು ಕಲೆ ತೋರಿಸಿ ನೋಡೋಣ. ಅವಳು ದಿನಾ ಶಾಲೆಯಿಂದ ಬರುವಾಗ ಅದರ ಮುಂದೆಯೇ ಹಾದು ಒಳಗೆ ಬರುತ್ತಿದ್ದಳು, ಅವನ ಊಟದ ಖಾಲಿ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದಳು. ನಾಚಿಕೆಯಾಯಿತು. ಮಕ್ಕಳ ಮುಂದೆ ಚಡ್ಡಿ ಹರಿದ ಮೇಷ್ಟ್ರಿಗೆ ಆಗುವಂಥ ನಾಚಿಕೆಯಲ್ಲ. ಅದಾದರೆ ಕೈ ಅಡ್ಡ ಹಿಡಿದು ಮನೆ ಸೇರಬಹುದು. ಇದಕ್ಕೆ ಏನು ಅಡ್ಡ ಹಿಡಿಯುವುದು? ತನಗೆ ಅವಳ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ಅವಳಿಗೂ ಅನುಮಾನವಿಲ್ಲ ಎಂದುಕೊಂಡಿದ್ದ. ಈಗ ಅದೇ ಗಟ್ಟಿಯಿಲ್ಲ.

ಟೋಕನ್ ಸಂಖ್ಯೆ ಮತ್ತೆ ಕೂಗಿದರು. ಹುಡುಗಿ ಹೊಸ ಫೋಟೋ ನೋಡಿ, "ಹಾಂ, ಈಗ ನೀವು ನೀವೇ," ಎಂದು ಸಮಾಧಾನ ಪಟ್ಟಳು. ಇಬ್ಬರ ಅರ್ಜಿಯನ್ನೂ ಮೊದಲಿನಿಂದ ಟೈಪು ಮಾಡುತ್ತ ಒಂದೊಂದೇ ಓದಿದಳು. ಹೊರಡುವ ಕಾರಣ, ಪ್ರವಾಸ. ಉಳಿಯುವ ಜಾಗ, ಹೋಟೆಲ್. ಹಿಂದೆ ಎಲ್ಲಾದರೂ ಹೋಗಿದ್ದೀರಾ, ಇಲ್ಲ. ಯಾವ ಬಗೆಯ ವೀಸಾ ಎಂಬಲ್ಲಿಗೆ ಬಂದು ಕಣ್ಣೆತ್ತಿದಳು.

"ಇಬ್ಬರಿಗೂ ಮಲ್ಟಿಪಲ್ ಎಂಟ್ರಿ ಅಲ್ವಾ ಮೇಡಂ?"

"ನನಗೆ ಮಲ್ಟಿಪಲ್," ಅಂದಳು ಅವನ ಹೆಂಡತಿ, ಮುಖ ಗಂಟು ಹಾಕಿಕೊಂಡು. "ಇವರಿಗೆ ಒಂದೇ ಸಲ ಸಾಕಮ್ಮ. ಇವರು ಒಂದು ದಡದಲ್ಲಿ ನಿಂತೇ ಎಲ್ಲಾ ನೋಡಿದೆ ಅನ್ನೋ ಜಾತಿ."

ಹುಡುಗಿ ನಕ್ಕಳು, ಆದರೆ ಬೆರಳುಗಳು ನಗಲಿಲ್ಲ, ಟಕ ಟಕ ಎಂದು ಏನೋ ಒತ್ತಿದವು. ಕಾಗದ ಹೊರಗೆ ಬಂತು, ಸಹಿಗೆ ಕಿಂಡಿಯಿಂದ ಈಚೆ ಬಂತು. ಬೆರಳಿನ ಗುರುತು ಕೊಡಲು ಹೆಂಡತಿಯನ್ನು ಪಕ್ಕದ ಕೋಣೆಗೆ ಕರೆದರು. ಅವನು ಕನ್ನಡಕ ಏರಿಸಿ ಓದಿದ. ಅವಳದರಲ್ಲಿ ಹಲವು ಬಾರಿ. ಅವನದರಲ್ಲಿ ಒಂದು ಬಾರಿ. ಕಿಂಡಿಗೆ ಬಾಗಿ, 'ತಮಾಷೆಗೆ ಅಂದದ್ದು ತಾಯಿ, ತಿದ್ದಿ' ಎನ್ನಬಹುದಿತ್ತು. ಬಾಗಿದ ಕೂಡ. ಆದರೆ ತಮಾಷೆಯೇ ಅದು? ಇಷ್ಟು ವರ್ಷ ನುಂಗಿದವಳು ಇವತ್ತು ಒಂದು ಮಾತು ಆಡಿದ್ದಾಳೆ, ಅದನ್ನೂ ಒರೆಸಿಬಿಡಲೇ? ಆಚೆ ದಡಕ್ಕೆ ಅವಳು ಒಬ್ಬಳೇ ಹೋಗಬೇಕೆಂದಿದ್ದರೆ? ಪೆನ್ನು ಹಿಡಿದ ಕೈ ತನ್ನ ಪಾಡಿಗೆ ತಾನು ಏನನ್ನೂ ಮಾಡದಂತೆ ಕಣ್ಣು ನೆಟ್ಟು ನೋಡುತ್ತ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದ. ಶಿಕ್ಷೆ ತೆಗೆದುಕೊಂಡವನಿಗೆ ಬರುವ ಸುಖವೂ ಸ್ವಲ್ಪ ಬಂತೆನ್ನಬೇಕು; ಆ ಹೊತ್ತಿಗೆ ತಾನು ಬಹಳ ದೊಡ್ಡ ಮನುಷ್ಯನೆನಿಸಿತು.

ಆ ದೊಡ್ಡಸ್ತಿಕೆ ಬಸ್ಸು ಇಳಿಯುವವರೆಗೂ ಬಾಳಲಿಲ್ಲ. ಮುಂದಿನ ದಿನಗಳಲ್ಲಿ ಅವನು ಮಚ್ಚೆ ನೋಡುವುದನ್ನು ಅಭ್ಯಾಸ ಮಾಡಿದ. ಅವಳು ತರಕಾರಿ ಹೆಚ್ಚುವಾಗ, ಉತ್ತರಪತ್ರಿಕೆ ತಿದ್ದುವಾಗ, ಬಾಗಿಲ ಸಂದಿಯಿಂದ. "ಏನ್ರೀ, ಇದೆಯಾ ಇನ್ನೂ?" ಎಂದು ಅವಳು ತಲೆ ಎತ್ತದೆಯೇ ಕೇಳುತ್ತಿದ್ದಳು. ಇವನು ಏನೋ ಹುಡುಕುವವನಂತೆ ಬೀರು ತೆರೆದು ಮುಚ್ಚುತ್ತಿದ್ದ. ಅಂಗಡಿಯಲ್ಲಿ ಕೂತು ಹಳೆಯ ಚಿತ್ರಗಳನ್ನೆಲ್ಲ ತೆಗೆದು ನೋಡಿದ. ಶಾಲೆಯ ವಾರ್ಷಿಕೋತ್ಸವ, ತಮ್ಮನ ಮದುವೆ, ಮಗಳನ್ನು ಎತ್ತಿಕೊಂಡದ್ದು. ಎಲ್ಲದರಲ್ಲೂ ನುಣ್ಣನೆಯ ಗದ್ದ. ಕೈ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿತ್ತೆಂದರೆ, ಎಲ್ಲಿ ಏನಿತ್ತೆಂದು ಅವನಿಗೇ ಹುಡುಕಲಾಗಲಿಲ್ಲ. ಪಾಸ್‌ಪೋರ್ಟ್ ಕಚೇರಿಯವರೇ ತೆಗೆದದ್ದು ಬಿಟ್ಟರೆ, ಅವಳ ಮುಖ ಅವಳದಾಗಿ ಉಳಿದಿದ್ದು ಆ ಪೆಟ್ಟಿಗೆ ಉಗುಳಿದ ಪಟ್ಟಿಯಲ್ಲಿ ಮಾತ್ರ. ಮಿಕ್ಕ ಒಂದು ತುಂಡನ್ನು ಕೇಳದೆಯೇ ಎತ್ತಿ ಪರ್ಸಿನಲ್ಲಿ ಇಟ್ಟುಕೊಂಡ. ಗೋಡೆಯ ಬೋರ್ಡು ಯಾವಾಗಲೋ ಕೆಳಗಿಳಿದು ಕ್ಯಾಮೆರಾ ಕಾಲುಗಳ ಹಿಂದೆ ಮುಖ ತಿರುಗಿಸಿಕೊಂಡು ನಿಂತಿತ್ತು. ಒಬ್ಬ ಗಿರಾಕಿ ತನ್ನ ಹುಬ್ಬಿನ ಗಾಯ ತೆಗೆಯಿರಿ ಎಂದಾಗ, "ಯಾಕೆ, ಅದು ನಿಮಗೆ ಏನು ಮಾಡಿದೆ?" ಎಂದು ಗದರಿ, ಗಿರಾಕಿಯನ್ನೇ ಕಳೆದುಕೊಂಡ.

ಲಕೋಟೆ ಸ್ಟುಡಿಯೋಗೇ ಬಂತು. ಅವನು ತೆರೆಯಲಿಲ್ಲ, ಅವಳು ಶಾಲೆ ಬಿಟ್ಟು ಬರುವವರೆಗೆ ಅದನ್ನು ಮೇಜಿನ ಮೇಲಿಟ್ಟುಕೊಂಡು ಗಿರಾಕಿಗಳ ಗದ್ದ ಇಳಿಸುತ್ತಿದ್ದ. ಅವಳು ಬಂದವಳೇ ಸೀಮೆಸುಣ್ಣದ ಬೆರಳುಗಳಲ್ಲೇ ಹರಿದಳು. ತನ್ನ ಪಾಸ್‌ಪೋರ್ಟ್ ಮೊದಲು ತೆರೆದು, "ಬಂತು ರೀ! ಮಲ್ಟಿಪಲ್!" ಎಂದು ಹುಡುಗಿಯ ಹಾಗೆ ಕುಣಿದಳು. ಆಮೇಲೆ ಅವನದು ತೆರೆದಳು. ಓದಿದಳು. ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ಓದಿದಳು.

"ಇದೇನಿದು? ನಿಮ್ಮದು ಸಿಂಗಲ್ ಅಂತಿದೆ."

"ನೀನೇ ಹೇಳಿದ್ಯಲ್ಲ. ಒಂದೇ ಸಲ ಸಾಕು ಅಂತ."

"ನಾನು ತಮಾಷೆಗೆ ಅಂದದ್ದು!"

"ಕಾಗದದಲ್ಲಿ ಬಂದಿತ್ತು. ನೋಡ್ದೆ. ಸಹಿ ಹಾಕ್ದೆ."

"ನೋಡಿ ಹಾಕಿದ್ರಾ?" ಅವಳು ಸ್ಟೂಲಿನ ಮೇಲೆ ಕುಸಿದಳು. "ಅಯ್ಯೋ ನನ್ನ ಕರ್ಮವೇ! ಮದುವೆಯಾದಾಗಿಂದ ನಾನು ಹೇಳಿದ್ದು ಒಂದಾದ್ರೂ ಕೇಳಿದ್ದೀರಾ? ಕೇಳಿ ಕೇಳಿ ಇದೊಂದನ್ನ ಕೇಳ್ಬೇಕಾಗಿತ್ತಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅವಳು ಮಕ್ಕಳಿಗೆ ಹೇಳುವ ಗಾದೆ. ಈಗ ಅದು ಮುದ್ರೆ ಒತ್ತಿಸಿಕೊಂಡು ಅವಳ ಮಡಿಲಿಗೇ ಬಂದು ಬಿದ್ದಿತ್ತು. ಸೇತುವೆ ದಾಟಿದರೆ ಅವನು ವಾಪಸ್ ಬರುವಂತಿಲ್ಲ; ಇನ್ನೊಮ್ಮೆ ಅರ್ಜಿ ಹಾಕಿದರೆ ಅವಳ ರಜೆಯೇ ಮುಗಿದುಹೋಗುತ್ತಿತ್ತು. ಅವಳು ಎರಡೂ ಪಾಸ್‌ಪೋರ್ಟುಗಳನ್ನು ಒಂದರ ಮೇಲೊಂದು ಇಟ್ಟಳು, ಅಂಚು ಸರಿ ಮಾಡಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಬಿಡಿ," ಅಂದಳು. "ನಾನೂ ದಾಟಲ್ಲ. ಇಬ್ಬರೂ ಈ ದಡದಲ್ಲೇ ನಿಂತು ನೀರು ನೋಡ್ಕೊಂಡು ಬರೋಣ. ಮಕ್ಕಳಿಗೆ ಅರ್ಧ ನೋಡಿದೆ ಅಂತೀನಿ."

"ಹುಚ್ಚೀನ ನೀನು?" ಅವನ ದನಿ ಅವನಿಗೇ ಜೋರಾಗಿ ಕೇಳಿಸಿತು. "ಇಷ್ಟು ವರ್ಷ ಹಲಗೆ ಮೇಲೆ ಬರ್ದು ಬರ್ದು ಈಗ ಅರ್ಧಕ್ಕೆ ಬರ್ತಾಳಂತೆ! ನೀನು ಹೋಗು. ಸೇತುವೆ ದಾಟು, ಜಲಪಾತ ನೋಡು. ನಾನು ಈಚೆ ನಿಂತಿರ್ತೀನಿ. ನೀನು ಅಲ್ಲಿ ಕಟಕಟೆ ಹಿಡ್ಕೊಂಡು ನಿಂತಾಗ ಇಲ್ಲಿಂದ ಫೋಟೋ ತೆಗೀತೀನಿ."

"ಅಷ್ಟು ದೂರದಿಂದ?"

"ದೊಡ್ಡ ಲೆನ್ಸ್ ಇದೆ."

"ಆದ್ರೂ. ಎಷ್ಟು ಕಾಣ್ತೀನಿ?"

ಅವನು ಸುಳ್ಳು ಹೇಳಲಿಲ್ಲ. "ಸಾಸಿವೆಯಷ್ಟು."

"ಮಚ್ಚೆ?"

ಅವಳು ಮತ್ತೆ ಅಂಗೈಯಿಂದ ಗದ್ದ ಮುಚ್ಚಿಕೊಂಡಿದ್ದಳು. ತಮಾಷೆಯೋ ಅಲ್ಲವೋ ಎಂದು ಈ ಸಲ ಅವನು ಯೋಚಿಸಲಿಲ್ಲ.

"ಕಾಣಲ್ಲ," ಅಂದ. "ಆದ್ರೆ ಇರುತ್ತೆ. ನಿನ್ನ ಎಡಗಡೆ."

ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋಯಿತು. ಅವಳು ನಿಧಾನವಾಗಿ ಕೈ ತೆಗೆದು, ಬೆರಳಿನ ಸೀಮೆಸುಣ್ಣ ಸೆರಗಿಗೆ ಒರೆಸಿಕೊಂಡು, ಗುಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತಳು.

"ಹೂಂ, ತೆಗೀರಿ ಒಂದು. ಹತ್ತಿರದಿಂದ."

ಅವನು ದೀಪ ಹಚ್ಚಿದ, ಕ್ಯಾಮೆರಾಗೆ ಕಣ್ಣಿಟ್ಟ. ಅವಳು ಗದ್ದ ಇಳಿಸಿರಲಿಲ್ಲ, ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಅವನು ಇಳಿಸು ಎನ್ನಲಿಲ್ಲ.